ಗ್ಲುವಾನಿನ ಹುರಿ ಬಲಕ್ಕೋ ಎಡಕ್ಕೋ: ಚಾರ್ಮ್ ಕ್ವಾರ್ಕ್ ಹೇಳುವ ಸಾಕ್ಷಿ

(ಧಾರವಾಡದಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದವರು ಇಲ್ಲಿ ಹಲವರಿರಬಹುದು. ಆ ಕೊಳವೆಯೊಳಗೆ ಮಲಗಿದಾಗ ಯಂತ್ರ ಮಾತಾಡಿಸುವುದು ನಮ್ಮ ಮೈಯ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ನಿನ ನ್ಯೂಕ್ಲಿಯಸ್ಸನ್ನು, ಅಂದರೆ ಪ್ರೋಟಾನನ್ನು. ಪ್ರೋಟಾನಿಗೆ ಸ್ಪಿನ್, ಅಂದರೆ ಬುಗುರಿಯಂಥ ಸ್ವಂತ ಕೋನೀಯ ಸಂವೇಗ, ಇದೆ. ಹಾಗಾಗಿ ಅದೊಂದು ಪುಟ್ಟ ಕಾಂತ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಅದು ವಾಲಿದ ಬುಗುರಿಯ ಹಾಗೆ ಸೆಕೆಂಡಿಗೆ ಸುಮಾರು 6.4 ಕೋಟಿ ಸುತ್ತು ಹಾಕುತ್ತದೆ. ರೇಡಿಯೋ ಅಲೆ ಕೊಟ್ಟು ಆ ಸುತ್ತನ್ನು ಕೇಳಿಸಿಕೊಳ್ಳುವುದೇ ಎಂಆರ್‌ಐ.

ಕ್ವಾಂಟಮ್ ಲೆಕ್ಕದ ಮಾನದಲ್ಲಿ ಪ್ರೋಟಾನಿನ ಸ್ಪಿನ್ ಅರ್ಧ. ಇದರಲ್ಲಿ ಯಾವ ತಕರಾರೂ ಇಲ್ಲ. ಆದರೆ ಆ ಅರ್ಧ ಎಲ್ಲಿಂದ ಬಂತು? ಪ್ರೋಟಾನು ಒಂದೇ ಕಾಳಲ್ಲ. ಅದರೊಳಗೆ ಕ್ವಾರ್ಕುಗಳಿವೆ, ಕ್ವಾರ್ಕುಗಳನ್ನು ಹಿಡಿದಿಡುವ ಗ್ಲುವಾನುಗಳಿವೆ. ಮೂರು ಕ್ವಾರ್ಕುಗಳ ಸ್ಪಿನ್ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದೇ ಬಹುಕಾಲ ನಂಬಿಕೆಯಿತ್ತು. ಸಾಪೇಕ್ಷತೆಯ ತಿದ್ದುಪಡಿ ಹಾಕಿದರೂ 60% ಕ್ವಾರ್ಕುಗಳದ್ದೇ ಇರಬೇಕಿತ್ತು. 1988ರಲ್ಲಿ ಜಿನೀವಾ ಬಳಿಯ ಸೆರ್ನ್ ಪ್ರಯೋಗಶಾಲೆಯ ಯುರೋಪಿಯನ್ ಮ್ಯುವಾನ್ ಕೊಲಾಬರೇಷನ್ ಪ್ರಕಟಿಸಿದ ಅಳತೆಯಲ್ಲಿ ಸಿಕ್ಕಿದ್ದು 12% ಆಸುಪಾಸು ಮಾತ್ರ. ದೋಷದ ಮಿತಿ ಆ ಸಂಖ್ಯೆಗಿಂತಲೂ ದೊಡ್ಡದಿತ್ತು. ಆಮೇಲಿನ ಪ್ರಯೋಗಗಳು ಅದನ್ನು 30%ರ ಹತ್ತಿರ ತಂದು ನಿಲ್ಲಿಸಿವೆ. ಉಳಿದ 70% ಎಲ್ಲಿದೆ ಎಂಬುದೇ ಇವತ್ತಿನ ವಿಷಯ.

ನಮ್ಮ ಹಳ್ಳಿಗಳಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ಸೂಕ್ಷ್ಮವಾಗಿ ನೋಡಿ. ಒಂದೊಂದು ಎಳೆಯನ್ನೂ ಬಲಕ್ಕೆ ಹುರಿ ಮಾಡಿ, ಎರಡನ್ನೂ ಜೋಡಿಸಿ ಕೈಬಿಟ್ಟರೆ, ಅವು ಒಂದರ ಸುತ್ತ ಒಂದು ಎಡಕ್ಕೆ ಸುತ್ತಿಕೊಳ್ಳುತ್ತವೆ. ಹಗ್ಗ ಬಿಚ್ಚಿಕೊಳ್ಳದೆ ನಿಲ್ಲುವುದೇ ಈ ಎದುರುಬದುರಿನ ಬಲದಿಂದ. ಎಳೆಯೊಳಗಿನ ಹುರಿ ಒಂದು ಲೆಕ್ಕ, ಎಳೆಗಳು ಪರಸ್ಪರ ಸುತ್ತುವುದು ಇನ್ನೊಂದು ಲೆಕ್ಕ. ಪ್ರೋಟಾನಿನಲ್ಲೂ ಹೀಗೆಯೇ. ಕ್ವಾರ್ಕುಗಳ ಸ್ವಂತ ಸ್ಪಿನ್, ಗ್ಲುವಾನುಗಳ ಸ್ವಂತ ಸ್ಪಿನ್, ಇವೆರಡೂ ಒಳಗೆ ಸುತ್ತಾಡುವುದರಿಂದ ಬರುವ ಕಕ್ಷೀಯ ಕೋನೀಯ ಸಂವೇಗ, ಎಲ್ಲ ಕೂಡಿ ಅರ್ಧ ಆಗಬೇಕು. ಒಂದು ಬಾಬ್ತು ದೊಡ್ಡದಾದರೆ ಇನ್ನೊಂದು ಅದಕ್ಕೆ ಎದುರಾಗಿ ಸುತ್ತಿ ಸರಿದೂಗಿಸಬೇಕು.

ಹಗ್ಗದಲ್ಲಿ ಇನ್ನೊಂದು ಗುಣವಿದೆ. ಬಲಹುರಿಯ ಎಳೆಯನ್ನು ಯಾವ ತುದಿಯಿಂದ ನೋಡಿದರೂ ಅದು ಬಲಹುರಿಯೇ. ಸ್ಕ್ರೂ ಕೂಡ ಹಾಗೆಯೇ. ಓಡುತ್ತಿರುವ ಕಣದ ಸ್ಪಿನ್ನು ಓಟದ ದಿಕ್ಕಿಗೇ ಇದ್ದರೆ ಬಲಹುರಿ, ಎದುರಾಗಿದ್ದರೆ ಎಡಹುರಿ. ಭೌತಶಾಸ್ತ್ರದಲ್ಲಿ ಇದಕ್ಕೆ ಹೆಲಿಸಿಟಿ ಎನ್ನುತ್ತಾರೆ. ಪ್ರೋಟಾನು ಬಲಹುರಿಯಾಗಿ ಓಡುವಾಗ ಒಳಗಿನ ಗ್ಲುವಾನುಗಳಲ್ಲಿ ಬಲಹುರಿಯವು ಎಷ್ಟು, ಎಡಹುರಿಯವು ಎಷ್ಟು? ಆ ವ್ಯತ್ಯಾಸವೇ ಡೆಲ್ಟಾ ಜಿ. ಒಟ್ಟು ಗ್ಲುವಾನುಗಳಿಗೆ ಹೋಲಿಸಿದ ಅದರ ಪಾಲನ್ನು ಗ್ಲುವಾನ್ ಧ್ರುವೀಕರಣ ಎನ್ನೋಣ.

ಇಲ್ಲಿ ತೊಡಕು ಶುರುವಾಗುತ್ತದೆ. ಪ್ರೋಟಾನಿನೊಳಗೆ ಇಣುಕಲು ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ ಫೋಟಾನು, ಅಂದರೆ ಬೆಳಕಿನ ಕಣ. ಮ್ಯುವಾನು (ಎಲೆಕ್ಟ್ರಾನಿನ ಭಾರದ ಸೋದರ) ಅಥವಾ ಎಲೆಕ್ಟ್ರಾನು ಪ್ರೋಟಾನಿಗೆ ಬಡಿದಾಗ ನಡುವೆ ಹಾಯುವುದು ಅದೇ. ಫೋಟಾನು ಗುರುತಿಸುವುದು ವಿದ್ಯುದಾವೇಶವನ್ನು; ಗ್ಲುವಾನಿಗೆ ಆವೇಶವೇ ಇಲ್ಲ. ಒಂದೇ ದಾರಿಯೆಂದರೆ, ಗ್ಲುವಾನು ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಜೋಡಿಯಾಗಿ ಸೀಳುವ ಗಳಿಗೆಯಲ್ಲಿ ಫೋಟಾನು ಆ ಜೋಡಿಯಲ್ಲಿ ಒಂದನ್ನು ಹಿಡಿಯಬೇಕು. ಇದಕ್ಕೆ ಫೋಟಾನ್–ಗ್ಲುವಾನ್ ಸಮ್ಮಿಲನ ಎಂದು ಹೆಸರು. ಹೊರಬಂದದ್ದು ಹಗುರ ಬಗೆಯ ಅಪ್ ಅಥವಾ ಡೌನ್ ಕ್ವಾರ್ಕ್ ಆದರೆ, ಅದು ಗ್ಲುವಾನಿನಿಂದ ಹುಟ್ಟಿತೋ, ಮೊದಲೇ ಪ್ರೋಟಾನಿನಲ್ಲಿ ಮನೆಮಾಡಿಕೊಂಡಿತ್ತೋ ಹೇಳಲಾಗದು.

ಭಾರದ ಬಗೆಯಾದ ಚಾರ್ಮ್ ಕ್ವಾರ್ಕಿನ ಬೆಲೆ ಇರುವುದು ಇಲ್ಲೇ. ಅದರ ರಾಶಿ ಸುಮಾರು 1.3 ಜಿಇವಿ, ಅಂದರೆ 130 ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗೆ ಸಮ. ಇಡೀ ಪ್ರೋಟಾನಿನ ರಾಶಿಯೇ 0.938 ಜಿಇವಿ. ಒಂದು ಚಾರ್ಮ್ ಕ್ವಾರ್ಕ್ ಅದು ಹೊರಬಂದ ಪ್ರೋಟಾನಿಗಿಂತಲೂ ಭಾರ! ನಾವು ಅಳೆಯುವ ವಲಯದಲ್ಲಿ ಪ್ರೋಟಾನಿನೊಳಗೆ ಚಾರ್ಮ್ ದಾಸ್ತಾನು ಇಲ್ಲವೆಂದೇ ಹೇಳಬಹುದು. ಘರ್ಷಣೆಯ ನಂತರ ಕ್ವಾರ್ಕುಗಳು ಹೊಸ ಜೋಡಿಗಳನ್ನು ಎಳೆದುಕೊಂಡು ಮೇಸಾನುಗಳಾಗುವ (ಕ್ವಾರ್ಕ್-ಪ್ರತಿಕ್ವಾರ್ಕ್ ಕೂಡಿದ ಕಣಗಳಾಗುವ) ಹಂತದಲ್ಲಿ ಚಾರ್ಮ್ ಹುಟ್ಟಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆ ಸಾಧ್ಯತೆ ಅಪ್ ಕ್ವಾರ್ಕಿಗೆ ಹೋಲಿಸಿದರೆ ಹತ್ತು ಸಾವಿರ ಕೋಟಿಯಲ್ಲಿ ಒಂದು ಎಂಬಷ್ಟು ಕಡಿಮೆ. ಹಾಗಾಗಿ ಪತ್ತೆಕಾರಕದಲ್ಲಿ ಚಾರ್ಮ್ ಕಂಡಿತೆಂದರೆ ಒಂದು ಗ್ಲುವಾನು ಸೀಳಿದೆ ಎಂದೇ ಅರ್ಥ. ಇನ್ನೊಂದು ಅನುಕೂಲವೂ ಇದೆ. ಲೆಕ್ಕ ನಂಬುವಂತಿರಬೇಕಾದರೆ ಒಂದು ದೊಡ್ಡ ಶಕ್ತಿಮಾನ ಬೇಕು. ಅದನ್ನು ಚಾರ್ಮಿನ ರಾಶಿಯೇ ಒದಗಿಸುತ್ತದೆ. ಮ್ಯುವಾನು ಬಹಳ ವಾಲದೆ ನೇರ ಹೋದ ಘಟನೆಗಳನ್ನೂ ಬಳಸಿಕೊಳ್ಳಬಹುದು.

ಗ್ಲುವಾನಿನ ಹುರಿ ಹೇಗೆ ಗೊತ್ತಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಫೋಟಾನಿನ ಸ್ಪಿನ್ 1, ಗ್ಲುವಾನಿನದೂ 1. ಎರಡೂ ಎದುರುಬದುರಾಗಿ ಬರುತ್ತವೆ. ಇಬ್ಬರ ಹುರಿ ಒಂದೇ ಬಗೆಯದಾದರೆ, ಓಟದ ದಿಕ್ಕು ಎದುರಾಗಿರುವುದರಿಂದ ಅಕ್ಷದ ಮೇಲೆ ಸ್ಪಿನ್ನುಗಳು ಕಳೆದುಹೋಗಿ ಒಟ್ಟು 0. ಹುರಿ ಬೇರೆಬೇರೆಯಾದರೆ ಕೂಡಿ 2. ಜೋಡಿ ಹುಟ್ಟಲು ಬೇಕಾದ ಕನಿಷ್ಠ ಶಕ್ತಿಯ ಹತ್ತಿರ ಚಾರ್ಮ್ ಮತ್ತು ಪ್ರತಿಚಾರ್ಮ್ ಹೆಚ್ಚುಕಡಿಮೆ ನಿಂತಲ್ಲೇ ಹುಟ್ಟುತ್ತವೆ. ಅವುಗಳ ಅರ್ಧ ಮತ್ತು ಅರ್ಧ ಸೇರಿ 2 ಆಗುವ ಹಾಗಿಲ್ಲ, ಆದ್ದರಿಂದ ಅಲ್ಲಿ 0 ದಾರಿಯದೇ ಆಳ್ವಿಕೆ. ಶಕ್ತಿ ಬಹಳ ಹೆಚ್ಚಿ ಚಾರ್ಮ್ ಕೂಡ ಹಗುರ ಕ್ವಾರ್ಕಿನಂತೆ ಓಡತೊಡಗಿದಾಗ ಮೇಲುಗೈ 2ಕ್ಕೆ. ಅಂದರೆ ಅಸಮತೆಯ (ಎರಡು ದಾರಿಗಳ ನಡುವಿನ ವ್ಯತ್ಯಾಸದ) ಚಿಹ್ನೆ ನಡುವೆ ಎಲ್ಲೋ ತಿರುಗಿ ಬೀಳುತ್ತದೆ. ಎಲ್ಲ ಘಟನೆಗಳನ್ನೂ ಒಟ್ಟು ಹಾಕಿ ಸರಾಸರಿ ತೆಗೆದರೆ ಧನವೂ ಋಣವೂ ಒಂದನ್ನೊಂದು ತಿಂದುಹಾಕುತ್ತವೆ, ಗ್ಲುವಾನಿಗೆ ಹುರಿ ಇದ್ದರೂ ಇಲ್ಲವೆಂದು ಕಾಣುತ್ತದೆ. ಅದಕ್ಕಾಗಿ ಪ್ರತಿ ಘಟನೆಗೂ ಅದರ ಸಂವೇಗ, ಕೋನಗಳನ್ನು ನೋಡಿ ಬೇರೆ ಬೇರೆ ತೂಕ ಕೊಡಬೇಕು. ಇಬ್ಬರು ಹುಟ್ಟಿದರೂ ನಮಗೆ ಕಾಣುವುದು ಸಾಮಾನ್ಯವಾಗಿ ಒಬ್ಬನೇ. ಅದೊಂದರಿಂದಲೇ ಆ ತೂಕವನ್ನು ಅಂದಾಜು ಮಾಡಲು ಪ್ರಯೋಗ ಮಾಡಿದವರು ನ್ಯೂರಲ್ ನೆಟ್‌ವರ್ಕಿಗೆ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವಿಧಾನಕ್ಕೆ) ತರಬೇತಿ ಕೊಟ್ಟರು.

ಈ ಅಳತೆಯನ್ನು ಪಟ್ಟುಹಿಡಿದು ಮಾಡಿದ್ದು ಸೆರ್ನಿನ ಕಂಪಾಸ್ ಪ್ರಯೋಗ, 2002ರಿಂದ 2007ರವರೆಗಿನ ದತ್ತಾಂಶದಲ್ಲಿ. ದೂಲ, ಅಂದರೆ ಕಣಗಳ ಕಿರಣಪುಂಜ, 160 ಜಿಇವಿಯ ಧನ ಮ್ಯುವಾನುಗಳದ್ದು. ಪಯಾನು (ಒಂದು ಹಗುರ ಮೇಸಾನು) ಕೊಳೆತು, ಅಂದರೆ ತಾನಾಗಿ ಒಡೆದು, ಮ್ಯುವಾನಾಗುವಾಗ ದುರ್ಬಲ ಬಲವು ಎಡ-ಬಲದ ಭೇದ ಮಾಡುವುದರಿಂದ ಮ್ಯುವಾನುಗಳು ಹುಟ್ಟುವಾಗಲೇ ಹುರಿಗೊಂಡಿರುತ್ತವೆ. ಸರಿಯಾದ ಸಂವೇಗದವನ್ನು ಆರಿಸಿದರೆ ಸಾಕು, 80% ಧ್ರುವೀಕರಣ ಪುಕ್ಕಟೆ.

ಗುರಿವಸ್ತುವಿನ ಕಥೆ ಅಷ್ಟು ಸುಲಭವಲ್ಲ. ಎಂಆರ್‌ಐ ಯಂತ್ರದಲ್ಲಿ ನಮ್ಮ ಮೈಯ ಪ್ರೋಟಾನುಗಳ ಧ್ರುವೀಕರಣ ಹತ್ತು ಲಕ್ಷಕ್ಕೆ ಐದರಷ್ಟು. ಚಿತ್ರ ತೆಗೆಯಲು ಅದು ಸಾಕು, ಈ ಪ್ರಯೋಗಕ್ಕೆ ಸಾಲದು. 2.5 ಟೆಸ್ಲಾ ಕ್ಷೇತ್ರದಲ್ಲಿಟ್ಟು ನಿರಪೇಕ್ಷ ಶೂನ್ಯಕ್ಕಿಂತ 1 ಡಿಗ್ರಿ ಮೇಲಿನವರೆಗೆ ತಣಿಸಿದರೂ ಪ್ರೋಟಾನು ಕಾಲು ಪ್ರತಿಶತ ದಾಟುವುದಿಲ್ಲ. ಆದರೆ ಅದೇ ಸ್ಥಿತಿಯಲ್ಲಿ ಎಲೆಕ್ಟ್ರಾನುಗಳು 93% ಸಾಲಾಗಿ ನಿಲ್ಲುತ್ತವೆ, ಯಾಕೆಂದರೆ ಎಲೆಕ್ಟ್ರಾನಿನ ಕಾಂತಬಲ ಪ್ರೋಟಾನಿನದಕ್ಕಿಂತ ಸುಮಾರು 660 ಪಟ್ಟು. ಉಪಾಯ ಇಲ್ಲಿದೆ: ವಸ್ತುವಿನಲ್ಲಿ ಒಂಟಿ ಎಲೆಕ್ಟ್ರಾನುಗಳನ್ನು ವಿಕಿರಣದಿಂದ ಹುಟ್ಟಿಸಿ, 70 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೋವೇವ್ ಹಾಯಿಸಿ, ಎಲೆಕ್ಟ್ರಾನಿನ ಶಿಸ್ತನ್ನು ನ್ಯೂಕ್ಲಿಯಸ್ಸಿಗೆ ವರ್ಗಾಯಿಸುವುದು. ಮೈಕ್ರೋವೇವಿನ ಆವರ್ತನವನ್ನು ಒಂದಿಷ್ಟೇ ಇಷ್ಟು ಮೇಲೆ ಅಥವಾ ಕೆಳಗೆ ಸರಿಸಿದರೆ ಸ್ಪಿನ್ನು ಮುಂದಕ್ಕೋ ಹಿಂದಕ್ಕೋ ತಿರುಗುತ್ತದೆ, ಕಾಂತಕ್ಷೇತ್ರ ಮುಟ್ಟಬೇಕಿಲ್ಲ. ಆಮೇಲೆ ಮೈಕ್ರೋವೇವ್ ನಿಲ್ಲಿಸಿ, ಶೂನ್ಯದ ಮೇಲೆ ಡಿಗ್ರಿಯ ನೂರರಲ್ಲಿ ಐದಾರು ಪಾಲಿನಷ್ಟು ತಣ್ಣಗೆ ಮಾಡಿದರೆ ಸ್ಪಿನ್ನುಗಳು ಅಲ್ಲಾಡದೆ ನಿಲ್ಲುತ್ತವೆ.

ಯಾವ ವಸ್ತು ಎಂಬುದೂ ಮುಖ್ಯ. ಗಟ್ಟಿ ಅಮೋನಿಯಾದಲ್ಲಿ ಪ್ರೋಟಾನುಗಳನ್ನು 85%ಕ್ಕೂ ಹೆಚ್ಚು ಧ್ರುವೀಕರಿಸಬಹುದು, ಆದರೆ 17 ನ್ಯೂಕ್ಲಿಯಾನುಗಳಲ್ಲಿ (ಪ್ರೋಟಾನು, ನ್ಯೂಟ್ರಾನುಗಳಲ್ಲಿ) ಕೆಲಸಕ್ಕೆ ಬರುವುದು ಹೈಡ್ರೋಜನ್ನಿನ 3 ಮಾತ್ರ. ಲಿಥಿಯಂ-6 ಡ್ಯೂಟರೈಡಿನಲ್ಲಿ ಧ್ರುವೀಕರಣ 50% ಅಷ್ಟೇ. ಆದರೆ ಲಿಥಿಯಂ-6 ನ್ಯೂಕ್ಲಿಯಸ್ಸು ಸ್ಪಿನ್ನಿಲ್ಲದ ಒಂದು ಆಲ್ಫಾ ಕಣ ಮತ್ತು ಒಂದು ಡ್ಯೂಟೆರಾನ್ (ಒಂದು ಪ್ರೋಟಾನು, ಒಂದು ನ್ಯೂಟ್ರಾನು) ಕೂಡಿದಂತೆ ವರ್ತಿಸುವುದರಿಂದ 8ರಲ್ಲಿ 4 ನ್ಯೂಕ್ಲಿಯಾನುಗಳು ಕೆಲಸಕ್ಕೆ ಬರುತ್ತವೆ. ತಣಿಸುವ ಹೀಲಿಯಂ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು 0.4ರಷ್ಟಕ್ಕೆ ಇಳಿಯುತ್ತದೆ. ಗ್ಲುವಾನಿನ ಮಟ್ಟಿಗೆ ಪ್ರೋಟಾನು, ನ್ಯೂಟ್ರಾನು ಬೇರೆಯಲ್ಲ; ಆದ್ದರಿಂದ 2006ರವರೆಗೆ ಲಿಥಿಯಂ ಡ್ಯೂಟರೈಡನ್ನೇ ಬಳಸಿದ್ದು ಸರಿಯಾದ ನಿರ್ಧಾರ.

ಗುರಿವಸ್ತುವನ್ನು ಮೊದಲು 60 ಸೆಂಟಿಮೀಟರಿನ ಎರಡು ಕೋಶಗಳಾಗಿ ಒಂದರ ಹಿಂದೆ ಒಂದು ಇಟ್ಟಿದ್ದರು, ಸ್ಪಿನ್ನು ಒಂದರಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ. ಒಂದೇ ದೂಲ ಎರಡನ್ನೂ ಹಾಯುವುದರಿಂದ ದೂಲದ ಏರಿಳಿತ ಲೆಕ್ಕದಿಂದ ಬಿದ್ದುಹೋಗುತ್ತದೆ. ಆದರೆ ಹಿಂದಿನ ಕೋಶದ ಕಣಗಳು ಪತ್ತೆಕಾರಕಕ್ಕೆ ಬೀಳುವ ಕೋನ ಬೇರೆ, ಮುಂದಿನದರ ಕೋನ ಬೇರೆ. ಆ ತಾರತಮ್ಯ ಕಳೆಯಲು ಎಂಟು ಗಂಟೆಗೊಮ್ಮೆ ಕಾಂತಕ್ಷೇತ್ರವನ್ನೇ ತಿರುಗಿಸಿ ಎರಡರ ಸ್ಪಿನ್ನನ್ನೂ ಅದಲುಬದಲು ಮಾಡಿದರು. 2006ರಲ್ಲಿ 30, 60, 30 ಸೆಂಟಿಮೀಟರಿನ ಮೂರು ಕೋಶ ಮಾಡಿದಾಗ ನಡುವಿನದರ ಎರಡೂ ಬದಿಗೆ ಎದುರು ಸ್ಪಿನ್ನು ಬಂದು ಈ ತಾರತಮ್ಯ ತಾನಾಗಿ ತಗ್ಗಿತು, ದಿನಕ್ಕೊಮ್ಮೆ ತಿರುಗಿಸಿದರೆ ಸಾಕಾಯಿತು. ಕ್ಷೇತ್ರ ತಿರುಗಿಸಿದರೆ ಕಣಗಳ ದಾರಿಯೂ ತುಸು ಬಾಗುತ್ತದೆ. ಆ ಸುಳ್ಳು ಅಸಮತೆಯನ್ನು ಕಳೆಯಲು ಆಗಾಗ ಮೈಕ್ರೋವೇವಿನಿಂದಲೂ ಸ್ಪಿನ್ನು ತಿರುಗಿಸುತ್ತಿದ್ದರು. ಈ ಬಗೆಯ ಪ್ರಯೋಗದಲ್ಲಿ ಅರ್ಧದಷ್ಟು ಬುದ್ಧಿ ಖರ್ಚಾಗುವುದು ಸುಳ್ಳು ಸಂಕೇತವನ್ನು ಕೊಲ್ಲಲಿಕ್ಕೇ.

ಇನ್ನು ಚಾರ್ಮನ್ನು ಗುರುತಿಸುವುದು. ಚಾರ್ಮ್ ಕ್ವಾರ್ಕ್ ಬರಿಗೈಲಿ ಹೊರಬರುವುದಿಲ್ಲ, ಹಗುರ ಕ್ವಾರ್ಕಿನ ಜೊತೆಗೂಡಿ ಡಿ-ಮೇಸಾನಾಗುತ್ತದೆ. ತಟಸ್ಥ ಡಿ-ಮೇಸಾನಿನ ಆಯುಸ್ಸು ಸೆಕೆಂಡಿನ ಲಕ್ಷ ಕೋಟಿಯಲ್ಲಿ 0.41 ಪಾಲು. ಹುಟ್ಟಿದ ಜಾಗದಿಂದ ಕೆಲವೇ ಮಿಲಿಮೀಟರ್ ಹೋಗಿ ಕೊಳೆಯುತ್ತದೆ. ಮೀಟರಿಗೂ ಉದ್ದದ ಗಟ್ಟಿ ಗುರಿವಸ್ತುವಿನೊಳಗೆ ಕಣಗಳು ಬಡಿದಾಡಿಕೊಂಡು ಹೊರಬರುವುದರಿಂದ ಆ ಅಂತರವನ್ನು ಗುರುತಿಸಲು ಆಗುತ್ತಿರಲಿಲ್ಲ. ಉಳಿದ ದಾರಿ, ಅದರ ಮಕ್ಕಳಾದ ಕೇಯಾನ್ (ಪಯಾನಿಗಿಂತ ಭಾರದ ಮೇಸಾನು) ಮತ್ತು ಪಯಾನುಗಳನ್ನು ಹಿಡಿದು, ಎರಡರ ಶಕ್ತಿ-ಸಂವೇಗ ಕೂಡಿಸಿ 1865 ಎಂಇವಿ (ಎಂಇವಿ ಅಂದರೆ ಜಿಇವಿಯ ಸಾವಿರದಲ್ಲೊಂದು ಪಾಲು) ರಾಶಿ ಬರುತ್ತದೆಯೇ ನೋಡುವುದು. ನೂರು ಡಿ-ಮೇಸಾನುಗಳಲ್ಲಿ ಹೀಗೆ ಕೊಳೆಯುವುದು ನಾಲ್ಕು. ಆದರೆ ಸಂಬಂಧವಿಲ್ಲದ ಕೇಯಾನ್, ಪಯಾನುಗಳೂ ಆಕಸ್ಮಿಕವಾಗಿ ಕೂಡಿ ಅದೇ ರಾಶಿ ತೋರಿಸುತ್ತವೆ, ಒಂದು ನಿಜಕ್ಕೆ ಹತ್ತು ಸುಳ್ಳಿನಂತೆ.

ಇಲ್ಲಿ ಪ್ರಕೃತಿ ಒಂದು ಸಹಾಯ ಮಾಡಿದೆ. ಡಿ-ಸ್ಟಾರ್ ಎಂಬ ತುಸು ಭಾರದ ಮೇಸಾನು ಡಿ-ಮೇಸಾನು ಮತ್ತು ಒಂದು ಪಯಾನಾಗಿ ಒಡೆಯುತ್ತದೆ. ಇವೆರಡು ಮೇಸಾನುಗಳ ರಾಶಿಯ ಅಂತರ 145.4 ಎಂಇವಿ, ಪಯಾನಿನ ರಾಶಿ 139.6. ಉಳಿಯುವುದು 6ಕ್ಕೂ ಕಡಿಮೆ. ಆ ಪಯಾನಿಗೆ ಓಡಲು ಶಕ್ತಿಯೇ ಇರುವುದಿಲ್ಲ, ಮೇಸಾನಿನ ಮಗ್ಗುಲಲ್ಲೇ ಮೆಲ್ಲಗೆ ಬರುತ್ತದೆ. ಅಂಥ ನಿಧಾನದ ಪಯಾನು ಜೊತೆಗಿದ್ದು, ರಾಶಿಯ ಅಂತರವೂ ಸರಿಯಿದ್ದರೆ ಸುಳ್ಳು ಜೋಡಿಗಳು ಹೆಚ್ಚಿನವು ಉದುರಿ, ಒಂದಕ್ಕೆ ಒಂದರ ಮಟ್ಟಕ್ಕೆ ಇಳಿಯುತ್ತವೆ.

ಕೇಯಾನನ್ನು ಪಯಾನಿನಿಂದ ಬೇರ್ಪಡಿಸಲು ಪರ್‌ಫ್ಲೋರೋಬ್ಯೂಟೇನ್ ಅನಿಲ ತುಂಬಿದ ದೊಡ್ಡ ಕೋಣೆಯಿತ್ತು. ಆ ಅನಿಲದಲ್ಲಿ ಬೆಳಕಿಗಿಂತ ವೇಗವಾಗಿ ಓಡುವ ಕಣ ಉಂಗುರದಾಕಾರದ ಚೆರೆಂಕೋವ್ ಬೆಳಕು ಚೆಲ್ಲುತ್ತದೆ. ಪಯಾನಿಗೆ ಅದು ಸುಮಾರು 2.5 ಜಿಇವಿ ಸಂವೇಗಕ್ಕೇ ಶುರು, ಕೇಯಾನಿಗೆ 9 ಬೇಕು. 9ಕ್ಕಿಂತ ಕಡಿಮೆಯ ಕೇಯಾನುಗಳನ್ನು ಉಂಗುರದಿಂದ ಗುರುತಿಸಲು ಆಗುವುದಿಲ್ಲ.

ಈಗ ಕಾಗದ ಪೆನ್ನು ತೆಗೆದುಕೊಂಡು ಒಂದು ಲೆಕ್ಕ ಮಾಡಿ. ದೂಲದ ಧ್ರುವೀಕರಣ 0.8, ಗುರಿವಸ್ತುವಿನದು 0.5, ಉಪಯುಕ್ತ ಪಾಲು 0.4. ಗುಣಿಸಿದರೆ 0.16. ಉದಾಹರಣೆಗೆ ಗ್ಲುವಾನ್ ಧ್ರುವೀಕರಣ 0.3 ಇದೆ, ಮೂಲ ಕ್ರಿಯೆಯ ಅಸಮತೆ 0.5, ಘಟನೆಗಳಲ್ಲಿ ಅರ್ಧ ನಿಜ ಎಂದಿಟ್ಟುಕೊಳ್ಳಿ. ಕಣ್ಣಿಗೆ ಕಾಣುವ ಅಸಮತೆ 0.012. ಸ್ಪಿನ್ನು ಅತ್ತಿತ್ತ ಮಾಡಿದಾಗ ಎಣಿಕೆಯಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ. ಹತ್ತು ಸಾವಿರ ಘಟನೆ ಎಣಿಸಿದರೆ ಎಣಿಕೆಯ ದೋಷವೇ ನೂರಕ್ಕೆ ಒಂದು. ದೋಷ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಘಟನೆ ಬೇಕು. ಚಾರ್ಮಿನ ಸಾಕ್ಷಿ ಶುದ್ಧ, ಆದರೆ ಸಾಕ್ಷಿಗಳು ವಿರಳ.

ಗ್ಲುವಾನು ಪ್ರೋಟಾನಿನ ಸಂವೇಗದಲ್ಲಿ ಎಷ್ಟು ಪಾಲು ಹೊತ್ತಿತ್ತು ಎಂಬುದೂ ಇದೇ ರೀತಿ ಸಿಗುತ್ತದೆ. ಫೋಟಾನಿನ ಶಕ್ತಿ 60 ಜಿಇವಿ, ಚಾರ್ಮ್ ಜೋಡಿಯ ರಾಶಿಯ ವರ್ಗ 13 ಎಂದಾದರೆ, 13ನ್ನು 2 × 0.938 × 60ರಿಂದ ಭಾಗಿಸಿ: 0.115. ಅಂದರೆ ನಾವು ನೋಡುತ್ತಿರುವುದು ಹತ್ತರಲ್ಲೊಂದು ಪಾಲು ಹೊತ್ತ ಗ್ಲುವಾನುಗಳನ್ನು.

ಕಂಪಾಸ್ ತಂಡ 2013ರಲ್ಲಿ ಪ್ರಕಟಿಸಿದ ಅಂತಿಮ ಸಂಖ್ಯೆ: ಸಂವೇಗದ ಪಾಲು 0.11ರ ಬಳಿ ಗ್ಲುವಾನ್ ಧ್ರುವೀಕರಣ −0.06, ಎಣಿಕೆಯ ದೋಷ 0.21, ವ್ಯವಸ್ಥೆಯ ದೋಷ 0.08. ಲೆಕ್ಕವನ್ನು ಮುಂದಿನ ಹಂತಕ್ಕೆ ಒಯ್ದು, ಗ್ಲುವಾನು ದಾರಿಯಲ್ಲಿ ಇನ್ನೊಂದು ಗ್ಲುವಾನು ಉಗುಳುವುದನ್ನೂ ಸೇರಿಸಿದಾಗ −0.13, ಎರಡೂ ದೋಷಗಳು 0.15ರಂತೆ. ಉಗುಳಿದ್ದನ್ನೂ ಮೂಲ ಗ್ಲುವಾನೇ ಹೊತ್ತಿರಬೇಕಲ್ಲ, ಹಾಗಾಗಿ ಸಂವೇಗದ ಪಾಲು ಕೂಡ 0.20ಕ್ಕೆ ಸರಿಯಿತು.

ಇಷ್ಟೆಲ್ಲ ಮಾಡಿ ಸೊನ್ನೆಯೇ ಬಂತಲ್ಲ ಎಂದು ಬೇಸರ ಬೇಡ. 1988ರ ಹೊತ್ತಿಗೆ ಒಂದು ಬಲವಾದ ವಾದವಿತ್ತು: ಕ್ವಾರ್ಕುಗಳ ಸ್ಪಿನ್ ನಿಜಕ್ಕೂ ಕಡಿಮೆಯಲ್ಲ, ಗ್ಲುವಾನುಗಳ ಸ್ಪಿನ್ ಆ ಅಳತೆಯಲ್ಲಿ ಕಳೆಯುವ ಬಾಬ್ತಾಗಿ ಸೇರಿ ಅದನ್ನು ಮರೆಮಾಡಿದೆ ಎಂದು. ಅದು ನಿಜವಾಗಬೇಕಾದರೆ ಡೆಲ್ಟಾ ಜಿ 2ರಿಂದ 3ರಷ್ಟು ಇರಬೇಕಿತ್ತು. ಪ್ರೋಟಾನಿನ ಒಟ್ಟು ಸ್ಪಿನ್ನೇ ಅರ್ಧ. ಅಷ್ಟು ಬಲವಾದ ಹುರಿಯನ್ನು ಸರಿದೂಗಿಸಲು ಕಕ್ಷೀಯ ಸುತ್ತು ಅಷ್ಟೇ ಬಲವಾಗಿ ಎದುರು ಸುತ್ತಬೇಕಿತ್ತು. ಚಾರ್ಮಿನ ಈ ಸಣ್ಣ ಸಂಖ್ಯೆ ಆ ವಾದಕ್ಕೆ ಜಾಗ ಉಳಿಸಲಿಲ್ಲ. ಆದರೆ ಅದು ಒಂದೇ ಬಿಂದುವಿನ ಬಳಿಯ ಅಳತೆ ಎಂಬುದನ್ನು ಮರೆಯುವಂತಿಲ್ಲ. ಬೇರೆ ಪಾಲುಗಳಲ್ಲಿ ಹುರಿ ಬೇರೆ ಇರಬಹುದು.

ಅದೇ ಪ್ರಯೋಗ ಚಾರ್ಮ್ ಬಿಟ್ಟು, ಪಕ್ಕಕ್ಕೆ ಜೋರಾಗಿ ಸಿಡಿದ ಹಗುರ ಕಣಗಳನ್ನೂ ಬಳಸಿತು. ಘಟನೆಗಳು ಹೇರಳ, ಬೆರಕೆಯೂ ಹೇರಳ. 2017ರ ಮರುವಿಶ್ಲೇಷಣೆಯಲ್ಲಿ 0.113 ಬಂತು, ದೋಷಗಳು 0.038 ಮತ್ತು 0.036. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಧ್ರುವೀಕೃತ ಪ್ರೋಟಾನುಗಳನ್ನೇ ಪರಸ್ಪರ ಗುದ್ದಿಸಿದ ರಿಕ್ ಯಂತ್ರದ 2009ರ ದತ್ತಾಂಶ ಸೇರಿಸಿದ ಜಾಗತಿಕ ವಿಶ್ಲೇಷಣೆ 2014ರಲ್ಲಿ ಹೊರಬಂತು. ಸಂವೇಗದ ಪಾಲು 0.05ಕ್ಕಿಂತ ಹೆಚ್ಚಿರುವ ಗ್ಲುವಾನುಗಳ ಸ್ಪಿನ್ನನ್ನು ಕೂಡಿಸಿದರೆ 0.20 ಎಂದು ಅದು ಹೇಳಿತು. ಒಟ್ಟು ಅರ್ಧದಲ್ಲಿ ಇದು ಸಣ್ಣ ಪಾಲೇನಲ್ಲ.

ಹಾಗಾದರೆ ಚಾರ್ಮಿನ ಕೆಲಸ ಮುಗಿಯಿತೇ? ನಮ್ಮ ಅಭಿಪ್ರಾಯದಲ್ಲಿ ಇಲ್ಲ, ಕಾರಣ ಚಿಹ್ನೆ. ಪ್ರೋಟಾನಿಗೆ ಪ್ರೋಟಾನ್ ಗುದ್ದಿದಾಗ ಮುಖ್ಯ ಪಾಲು ಗ್ಲುವಾನಿಗೆ ಗ್ಲುವಾನ್ ಗುದ್ದುವುದರದ್ದು, ಅಲ್ಲಿ ಗ್ಲುವಾನಿನ ಧ್ರುವೀಕರಣ ಎರಡು ಸಲ ಗುಣಾಕಾರವಾಗುತ್ತದೆ. ಋಣ ಗುಣಿಸು ಋಣ ಧನವೇ. 2022ರಲ್ಲಿ ಒಂದು ವಿಶ್ಲೇಷಣೆ, ಕೆಲವು ಪೂರ್ವಗ್ರಹಿಕೆಗಳನ್ನು ಸಡಿಲಿಸಿದರೆ ಋಣ ಡೆಲ್ಟಾ ಜಿ ಕೂಡ ಆ ದತ್ತಾಂಶಕ್ಕೆ ಹೊಂದುತ್ತದೆ ಎಂದು ತೋರಿಸಿತು. ಫೋಟಾನು ಗ್ಲುವಾನಿಗೆ ಬಡಿದು ಚಾರ್ಮ್ ಹುಟ್ಟುವಲ್ಲಿ ಗ್ಲುವಾನಿನ ಧ್ರುವೀಕರಣ ಒಂದೇ ಸಲ ಬರುವುದರಿಂದ ಅದರ ಚಿಹ್ನೆ ಮುಚ್ಚಿಹೋಗುವುದಿಲ್ಲ.

ಗ್ಲುವಾನಿನ ಓಟ ಪ್ರೋಟಾನಿನ ಅಡ್ಡ ಸ್ಪಿನ್ನಿನಿಂದ ಎಡಕ್ಕೋ ಬಲಕ್ಕೋ ವಾಲುತ್ತದೆಯೇ ಎಂಬ ಪಕ್ಕದ ಪ್ರಶ್ನೆಗೂ ಭಾರದ ಕ್ವಾರ್ಕುಗಳೇ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡಬೋಲೆ ಅವರು ಸಂಗಡಿಗರೊಂದಿಗೆ, ಚಾರ್ಮ್ ಜೋಡಿಯಿಂದಾದ ಜೆ-ಸೈ ಕಣವನ್ನು ಇದಕ್ಕೆ ಬಳಸುವ ಲೆಕ್ಕಗಳನ್ನು 2012ರಿಂದಲೇ ಕೊಟ್ಟಿದ್ದರು.

ಮುಂದಿನ ಯಂತ್ರ ಎಲೆಕ್ಟ್ರಾನ್–ಅಯಾನ್ ಕೊಲೈಡರ್. ಬ್ರೂಕ್‌ಹೇವನ್‌ನ ರಿಕ್ ಇದ್ದ 3.8 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲೇ ಅದು ಬರಲಿದೆ. ಎಲೆಕ್ಟ್ರಾನು 18 ಜಿಇವಿವರೆಗೆ, ಪ್ರೋಟಾನು 275ರವರೆಗೆ, ಎರಡರ ಧ್ರುವೀಕರಣದ ಗುರಿಯೂ 70%. ಇಲ್ಲಿ ಗಟ್ಟಿ ಗುರಿವಸ್ತುವಿಲ್ಲ, ಬರುವುದೆಲ್ಲ ಪ್ರೋಟಾನೇ; ಉಪಯುಕ್ತ ಪಾಲು ಪೂರ್ತಿ 1. ಆಗಿನ 0.16ರ ಜಾಗದಲ್ಲಿ 0.49. ಮೂರು ಪಟ್ಟು ಬಲವಾದ ಸಂಕೇತವೆಂದರೆ ಅಷ್ಟೇ ಘಟನೆಗಳಿಂದ ಒಂಬತ್ತು ಪಟ್ಟು ಘಟನೆ ಎಣಿಸಿದ ನಿಖರತೆ. ಗಟ್ಟಿ ವಸ್ತು ಇಲ್ಲವಾದ್ದರಿಂದ ಸಿಲಿಕಾನ್ ಪಿಕ್ಸೆಲ್ ಪದರಗಳನ್ನು ಘರ್ಷಣೆಯ ಜಾಗಕ್ಕೆ ತೀರ ಹತ್ತಿರ ಇಟ್ಟು, ಡಿ-ಮೇಸಾನು ಎಲ್ಲಿ ಕೊಳೆಯಿತು ಎಂಬುದನ್ನೇ ನೇರವಾಗಿ ನೋಡಬಹುದು. ಸುಳ್ಳು ಜೋಡಿಗಳು ಅಲ್ಲೇ ಸೋಸಿಹೋಗುತ್ತವೆ.

ಹೊಸ ತೊಂದರೆಯೂ ಅಲ್ಲೇ ಕಾದಿದೆ. ಡಿ-ಸ್ಟಾರ್‌ನ ಆ ನಿಧಾನದ ಪಯಾನು ಇಲ್ಲಿ ಇನ್ನೂ ಮಂದ. ಪತ್ತೆಕಾರಕದ 1.7 ಟೆಸ್ಲಾ ಕ್ಷೇತ್ರದಲ್ಲಿ 0.1 ಜಿಇವಿ ಅಡ್ಡ ಸಂವೇಗದ ಪಯಾನು 20 ಸೆಂಟಿಮೀಟರ್ ತ್ರಿಜ್ಯದ ಸುತ್ತಿಗೆ ಬಿದ್ದು ಒಳಗೇ ಸುರುಳಿ ಹೊಡೆಯುತ್ತದೆ, ಹೊರಗಿನ ಪದರಗಳನ್ನು ಮುಟ್ಟುವುದೇ ಇಲ್ಲ. ಕ್ಷೇತ್ರ ಇಳಿಸಿದರೆ ಅದು ಸಿಗುತ್ತದೆ, ಆದರೆ ವೇಗದ ಕೇಯಾನ್-ಪಯಾನುಗಳ ಸಂವೇಗ ಅಳೆಯುವ ಸೂಕ್ಷ್ಮತೆ ಕೆಡುತ್ತದೆ. ಒಳಪದರಗಳ ಮೂರ್ನಾಲ್ಕು ಚುಕ್ಕೆಗಳನ್ನಷ್ಟೇ ನೆಚ್ಚಿ ಆ ಸುರುಳಿಯನ್ನು ಕಟ್ಟುವ ಕೆಲಸ ಈಗ ಕಂಪ್ಯೂಟರ್ ಕಾರ್ಯಕ್ರಮ ಬರೆಯುವವರ ಪಾಲಿಗೆ ಬಂದಿದೆ, ಅದಕ್ಕೆ ಜನ ಬೇಕಾಗಿದ್ದಾರೆ.